ಹೊರುವವಳು ಬೇಡವೆನ್ನಬಹುದೇ?



ಕ್ಯಾಮೆರಾದ ಹಿಂದೆ ನಿಂತು ಬೇರೆಯವರನ್ನು ಮಾತನಾಡಿಸುವುದು ನನ್ನ ಉದ್ಯೋಗ. ಮುಂದೆ ಕುಳಿತು ನಾನೇ ಮಾತನಾಡುವ ಅಭ್ಯಾಸವಿಲ್ಲ. ಇಂದು ಹೀಗೆ ಕುಳಿತಿರುವುದಕ್ಕೆ ಒಂದು ದೂರವಾಣಿ ಕರೆ ಕಾರಣ.

ಸಂತಾನಹೀನತೆಯ ಚಿಕಿತ್ಸೆಯನ್ನು ಕುರಿತು ವೈದ್ಯೆಯೊಬ್ಬರ ಜೊತೆ ಫೋನ್-ಇನ್ ಕಾರ್ಯಕ್ರಮ ಮುಗಿದಿತ್ತು. ಸ್ಟುಡಿಯೋದ ದೀಪಗಳನ್ನು ಆರಿಸುತ್ತಿದ್ದರು. ಆಗ ಒಳಗಿನ ಕೋಣೆಯ ಫೋನು ಬಡಿದುಕೊಂಡಿತು. ಯಶವಂತಪುರದ ಕಡೆಯಿಂದ ಒಬ್ಬ ಹೆಣ್ಣುಮಗಳು. ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ, ವಯಸ್ಸು ಮೂವತ್ತು, ಇಬ್ಬರು ಮಕ್ಕಳು. "ಸಾರ್, ನಮ್ಮ ನಾದಿನಿಗೆ ಗರ್ಭಕೋಶ ತೆಗೆದುಬಿಟ್ಟವ್ರೆ. ನೀನೇ ಹೊತ್ತು ಕೊಡು ಅಂತ ಮನೇಲಿ ಎಲ್ಲಾರೂ ಕೇಳ್ತಾವ್ರೆ. ದುಡ್ಡಿನ ಮಾತಿಲ್ಲ ಸಾರ್, ಮನೆಯೋರೇ ಅಲ್ವಾ. ನಾನು ಬೇಡ ಅನ್ನಬೋದಾ?"

ವೈದ್ಯೆ ಆಗಲೇ ಹೊರಟುಹೋಗಿದ್ದರು. ನಾನು ವಿಜ್ಞಾನದ ಪದವೀಧರ. ಭ್ರೂಣ ಹೇಗೆ ಬೆಳೆಯುತ್ತದೆ ಎಂದು ಕೇಳಿದ್ದರೆ ಒಂದಿಷ್ಟು ಹೇಳಬಲ್ಲವನಾಗಿದ್ದೆ. ಆಕೆ ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. "ತಿಳಕೊಂಡು ಹೇಳ್ತೀನಮ್ಮ" ಎಂದೆ. ನಂಬರು ಬರೆದುಕೊಳ್ಳುವಷ್ಟರಲ್ಲಿ ಲೈನು ಹೋಯಿತು. ಅನಂತರ ಕಾಯಿದೆಯನ್ನು ತಂದು ಓದಿದೆ, ವಕೀಲ ಮಿತ್ರರನ್ನು ಕಾಡಿದೆ. ತಿಳಿದದ್ದನ್ನು ಈಗ ಆಕೆಗೂ, ಆಕೆಯಂತೆ ಇರಬಹುದಾದ ಇತರರಿಗೂ ಹೇಳುತ್ತಿದ್ದೇನೆ.

ಮೊದಲು ಒಂದು ಶಬ್ದದ ವಿಚಾರ. ನಾವು 'ಬಾಡಿಗೆ ತಾಯಿ' ಎನ್ನುತ್ತೇವೆ. ಪತ್ರಿಕೆಗಳೂ ಹಾಗೆಯೇ ಬರೆಯುತ್ತವೆ. ಆದರೆ 2021ರಲ್ಲಿ ಸಂಸತ್ತು ಒಪ್ಪಿದ, 2022ರ ಜನವರಿಯಿಂದ ಜಾರಿಗೆ ಬಂದಿರುವ ಕಾಯಿದೆ ನಿಷೇಧಿಸಿರುವುದು ಆ ಬಾಡಿಗೆಯನ್ನೇ. ಹೊರುವವಳಿಗೆ ವೈದ್ಯಕೀಯ ಖರ್ಚು, ನಿಯಮಗಳಲ್ಲಿ ಹೇಳಿರುವ ಇತರ ಖರ್ಚು ಮತ್ತು ವಿಮೆ, ಇಷ್ಟನ್ನು ಬಿಟ್ಟು ಒಂದು ರೂಪಾಯಿ ಕೊಡುವಂತಿಲ್ಲ. ಬಾಡಿಗೆ ಹೋಯಿತು, ಹೆಸರು ಮಾತ್ರ ಉಳಿಯಿತು. ನಾನು ಇಲ್ಲಿ ಸಾಧ್ಯವಾದಷ್ಟೂ 'ಹೊರುವವಳು' ಎಂದೇ ಹೇಳುತ್ತೇನೆ, ತಾವು ಮನ್ನಿಸಬೇಕು.

ಇನ್ನು ಶರೀರಶಾಸ್ತ್ರ. ದಂಪತಿಗಳ ಅಂಡಾಣು ಮತ್ತು ವೀರ್ಯಾಣುಗಳನ್ನು ಪ್ರಯೋಗಾಲಯದಲ್ಲಿ ಕೂಡಿಸಿ, ಕೆಲವು ದಿನ ಬೆಳೆಸಿದ ಭ್ರೂಣವನ್ನು ಇನ್ನೊಬ್ಬಳ ಗರ್ಭಕೋಶಕ್ಕೆ ಸೇರಿಸುತ್ತಾರೆ. ನಾವು ಒಂದು ಕಾಲದಲ್ಲಿ ಪ್ರನಾಳ ಶಿಶು ಎಂದು ಬೆರಗಿನಿಂದ ಕರೆದದ್ದರ ಮುಂದಿನ ಹೆಜ್ಜೆ ಇದು. 1978ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಹುಟ್ಟಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿಯವರು ಎರಡನೆಯದನ್ನು ಸಾಧಿಸಿದರು. ಅವರನ್ನು ಆಗ ಯಾರೂ ನಂಬಲಿಲ್ಲ ಎಂಬುದು ನಮ್ಮ ವಿಜ್ಞಾನದ ಇತಿಹಾಸದ ನೋವಿನ ಪುಟ, ಅದು ಬೇರೆಯೇ ಕತೆ. ಇಂದು ಹೆಬ್ಬಾಳದ ಸೇತುವೆ ಇಳಿದು ಯಲಹಂಕದ ಕಡೆಗೆ ಹೊರಟರೆ ಸಂತಾನ ಚಿಕಿತ್ಸೆಯ ಫಲಕಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ.

ಹೊರುವವಳ ಅಂಡಾಣುವನ್ನು ಬಳಸುವಂತಿಲ್ಲ ಎಂದು ಕಾಯಿದೆ ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಮಗುವಿನ ವಂಶವಾಹಿಗಳಲ್ಲಿ ಆಕೆಯದು ಏನೂ ಇರುವುದಿಲ್ಲ. ಹಾಗೆಂದು ಗರ್ಭಕೋಶ ಬರಿಯ ಒಂದು ಪಾತ್ರೆಯಲ್ಲ. ಭ್ರೂಣ ನಿಲ್ಲುವಂತೆ ಆಕೆ ವಾರಗಟ್ಟಲೆ ಹಾರ್ಮೋನಿನ ಮಾತ್ರೆ, ಚುಚ್ಚುಮದ್ದು ತೆಗೆದುಕೊಳ್ಳಬೇಕು. ರಕ್ತದೊತ್ತಡ, ಸಕ್ಕರೆ, ರಕ್ತಸ್ರಾವ, ಶಸ್ತ್ರಚಿಕಿತ್ಸೆ, ಎಲ್ಲ ಬಸುರಿಯರಿಗೂ ಇರುವ ಅಪಾಯಗಳೆಲ್ಲ ಆಕೆಗೂ ಇವೆ. ಇನ್ನೊಂದು ಸೂಕ್ಷ್ಮ ಸಂಗತಿ: ಗರ್ಭದಲ್ಲಿರುವ ಮಗುವಿನ ಕೆಲವು ಜೀವಕೋಶಗಳು ಹೊತ್ತವಳ ರಕ್ತವನ್ನು ಸೇರಿ ವರ್ಷಗಟ್ಟಲೆ ಉಳಿಯುವುದುಂಟು. ಕಾಗದದ ಮೇಲೆ ಸಂಬಂಧ ಮುಗಿದರೂ ಶರೀರ ಅಷ್ಟು ಬೇಗ ಮರೆಯುವುದಿಲ್ಲ.

ನಮ್ಮ ನಗರಕ್ಕೆ ಈ ವಿಷಯ ಹೊಸದೇನಲ್ಲ. 2021ಕ್ಕೆ ಮೊದಲು ಇದಕ್ಕೆ ಕಾಯಿದೆಯೇ ಇರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2005ರಲ್ಲಿ ಹೊರಡಿಸಿದ ಮಾರ್ಗಸೂಚಿಗಳಿದ್ದವು, ಅವಕ್ಕೆ ಕಾಯಿದೆಯ ಬಲವಿರಲಿಲ್ಲ. ಉಳಿದದ್ದೆಲ್ಲ ಕರಾರು ಪತ್ರ. ಕರಾರು ಎಲ್ಲಿ ಕೈಕೊಡುತ್ತದೆ ಎಂಬುದು 2008ರಲ್ಲಿ ದೇಶಕ್ಕೆಲ್ಲ ತಿಳಿಯಿತು. ಗುಜರಾತಿನ ಆಣಂದದಲ್ಲಿ ಜಪಾನಿ ದಂಪತಿಗಳಿಗಾಗಿ ಹೆಣ್ಣುಮಗು ಹುಟ್ಟುವ ಹೊತ್ತಿಗೆ ಆ ದಂಪತಿಗಳು ವಿಚ್ಛೇದನ ಪಡೆದಿದ್ದರು. ಹೆಂಡತಿ ಮಗು ಬೇಡವೆಂದರು. ಹೊತ್ತವಳ ಕೆಲಸ ಮುಗಿದಿತ್ತು. ಅಂಡಾಣು ಕೊಟ್ಟವರು ಯಾರೋ. ತಾಯಿ ಎನ್ನಬಹುದಾದವರು ಮೂವರಿದ್ದೂ ಆ ಕೂಸಿಗೆ ಪಾಸ್‌ಪೋರ್ಟಿನಲ್ಲಿ ಬರೆಯಲು ಒಬ್ಬ ತಾಯಿ ಇಲ್ಲವಾದಳು. ಅಜ್ಜಿ ಜಪಾನಿನಿಂದ ಬಂದು ಕಾದು ಕುಳಿತರು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಮರುವರ್ಷ, 2009ರಲ್ಲಿ, ಕಾನೂನು ಆಯೋಗ ತನ್ನ 228ನೆಯ ವರದಿಯಲ್ಲಿ ವಾಣಿಜ್ಯ ರೂಪದ ಬಾಡಿಗೆ ತಾಯ್ತನವನ್ನು ನಿಲ್ಲಿಸಬೇಕೆಂದು ಹೇಳಿತು. ವಿದೇಶಿಯರಿಗೆ ಬಾಗಿಲು ಮುಚ್ಚಿದ್ದು 2015ರ ನವೆಂಬರಿನಲ್ಲಿ.

ಆ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಹೊತ್ತವರು ಯಾರು? ಇದನ್ನು ಕಣ್ಣಾರೆ ಕಂಡು ಬರೆದವರಿದ್ದಾರೆ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞೆ ಶರ್ಮಿಳಾ ರುದ್ರಪ್ಪನವರು ಬೆಂಗಳೂರಿನಲ್ಲಿ ಈ ಹೆಂಗಸರ ನಡುವೆ ಅಧ್ಯಯನ ನಡೆಸಿದರು. ಅವರ 'ಡಿಸ್ಕೌಂಟೆಡ್ ಲೈಫ್' ಎಂಬ ಪುಸ್ತಕ 2015ರಲ್ಲಿ ಪ್ರಕಟವಾಯಿತು. ಅವರು ಕಂಡ ಹೆಂಗಸರಲ್ಲಿ ಬಹಳಷ್ಟು ಮಂದಿ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿದವರು. ಯಶವಂತಪುರ ದಾಟಿ ಪೀಣ್ಯದ ಕಡೆ ಬೆಳಿಗ್ಗೆ ಹೋದವರಿಗೆ ಆ ದುಡಿಮೆಯ ಪರಿಚಯವಿದ್ದೀತು: ಗಂಟೆಗಿಷ್ಟು ಪೀಸು ಎಂಬ ಲೆಕ್ಕ, ಸೂಪರ್‌ವೈಸರನ ಬೈಗುಳ, ನೀರು ಕುಡಿಯಲೂ ಯೋಚಿಸಬೇಕಾದ ಸ್ಥಿತಿ. ಸುದ್ದಿ ಹಬ್ಬಿದ್ದು ಪರಿಚಯದ ಹೆಂಗಸರ ಬಾಯಿಂದ ಬಾಯಿಗೆ. ಬಸುರಿನ ತಿಂಗಳುಗಳಲ್ಲಿ ಕೆಲವರು ತಮ್ಮ ಮಕ್ಕಳನ್ನು ಬಿಟ್ಟು ಡಾರ್ಮಿಟರಿಯಂಥ ಮನೆಗಳಲ್ಲಿ ಇದ್ದರು. ಹೆರಿಗೆ ಹೆಚ್ಚಿನಂಶ ಸಿಸೇರಿಯನ್.

ನಾನು ಓದಿ ನಿಂತದ್ದು ಇನ್ನೊಂದು ಮಾತಿನಲ್ಲಿ. ಆ ಹೆಂಗಸರಲ್ಲಿ ಅನೇಕರು, ಕಾರ್ಖಾನೆಗಿಂತ ಇದೇ ಮೇಲು ಎಂದಿದ್ದರು. ಶರ್ಟು ಹೊಲಿದು ಕೊಟ್ಟಾಗ ಇಲ್ಲದ ಒಂದು ಸಾರ್ಥಕತೆ ಮಗುವನ್ನು ಕೊಟ್ಟಾಗ ಇತ್ತು ಎಂಬ ಅರ್ಥದ ಮಾತು. ಇದನ್ನು ಕೇಳಿ 'ನೋಡಿ, ಅವರಿಗೇ ಒಪ್ಪಿಗೆ ಇತ್ತು' ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕಾರ್ಖಾನೆ ಎಷ್ಟು ಕೆಟ್ಟದಾಗಿತ್ತು ಎಂಬುದಕ್ಕೆ ಇದು ಸಾಕ್ಷಿ ಎನಿಸುತ್ತದೆ. ಆದರೆ ಅವರಿಗೆ ಹಣದ ಅರಿವಿರಲಿಲ್ಲ, ಯಾರೋ ಮರುಳು ಮಾಡಿದರು ಎನ್ನುವುದೂ ಸರಿಯಲ್ಲ. 2016ರ ಏಪ್ರಿಲಿನಲ್ಲಿ ಭವಿಷ್ಯನಿಧಿಯ ನಿಯಮ ಬದಲಾದಾಗ ಬೀದಿಗಿಳಿದು, ಎರಡೇ ದಿನಗಳಲ್ಲಿ ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಳ್ಳುವಂತೆ ಮಾಡಿದವರು ಇದೇ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು. ತಮ್ಮ ದುಡ್ಡು ಯಾವುದು ಎಂದು ಅವರಿಗೆ ಚೆನ್ನಾಗಿ ಗೊತ್ತು.

ಇಂಥ ಹಿನ್ನೆಲೆಯಲ್ಲಿ ಹೊಸ ಕಾಯಿದೆ ಬಂತು. ಯಾರಿಗೆ ಅವಕಾಶ ಎಂಬುದನ್ನು ಬೇಗನೆ ಹೇಳಿಬಿಡುತ್ತೇನೆ. ಮದುವೆಯಾದ ಭಾರತೀಯ ದಂಪತಿಗಳು, ಹೆಂಡತಿಗೆ 23ರಿಂದ 50, ಗಂಡನಿಗೆ 26ರಿಂದ 55 ವರ್ಷ. ಬದುಕಿರುವ ಮಗು ಇರಕೂಡದು. ಮಗುವಿಗೆ ಅಂಗವೈಕಲ್ಯ, ಬುದ್ಧಿಮಾಂದ್ಯ ಅಥವಾ ಪ್ರಾಣಾಂತಿಕ ಕಾಯಿಲೆ ಇದ್ದರೆ ವಿನಾಯಿತಿ ಉಂಟು. ವಿಧವೆ ಅಥವಾ ವಿಚ್ಛೇದಿತೆಯಾದರೆ 35ರಿಂದ 45. ಮದುವೆಯೇ ಆಗದ ಹೆಣ್ಣಿಗೆ, ಒಂಟಿ ಗಂಡಸಿಗೆ ಅವಕಾಶವಿಲ್ಲ. ಗರ್ಭಕೋಶವಿಲ್ಲದಿರುವುದು, ಮೇಲಿಂದ ಮೇಲೆ ಗರ್ಭ ನಿಲ್ಲದಿರುವುದು, ಬಸುರಾದರೆ ಜೀವಕ್ಕೇ ಅಪಾಯವಿರುವುದು ಮುಂತಾದ ವೈದ್ಯಕೀಯ ಕಾರಣವನ್ನು ಜಿಲ್ಲಾ ವೈದ್ಯಕೀಯ ಮಂಡಳಿ ದೃಢೀಕರಿಸಬೇಕು.

ಈ ವಯಸ್ಸಿನ ಗೆರೆ ಎಷ್ಟು ಗಟ್ಟಿ ಎಂಬ ಪ್ರಶ್ನೆ ಮೊದಲು ಎದ್ದದ್ದರಲ್ಲಿ ಒಂದು ನಮ್ಮ ಹೈಕೋರ್ಟಿನಲ್ಲೇ. ಒಬ್ಬನೇ ಮಗನನ್ನು, ಇಪ್ಪತ್ತಮೂರು ವರ್ಷದವನನ್ನು, 2022ರ ಡಿಸೆಂಬರಿನಲ್ಲಿ ರಸ್ತೆ ಅಪಘಾತದಲ್ಲಿ ಕಳೆದುಕೊಂಡ ದಂಪತಿಗಳು. ತಾಯಿಗೆ ಗರ್ಭಕೋಶ ತೆಗೆದಾಗಿತ್ತು. ತಂದೆಗೆ 57, ಕಾಯಿದೆಯ ಗೆರೆಗಿಂತ ಎರಡು ವರ್ಷ ಹೆಚ್ಚು. ಬಂಧುವೊಬ್ಬರು ಅಂಡಾಣು ಕೊಡಲು, ಕುಟುಂಬದ ಸ್ನೇಹಿತೆಯೊಬ್ಬರು ಹೊರಲು ಮುಂದೆ ಬಂದಿದ್ದರು. 2023ರ ಏಪ್ರಿಲಿನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಮೂರು ಪರೀಕ್ಷೆಗಳನ್ನು ಹೇಳಿದರು. ವಂಶವಾಹಿಗಳ ದೃಷ್ಟಿಯಿಂದ ಮಗುವಿಗೆ ತೊಂದರೆ ಬಾರದೇ, ಮಗುವನ್ನು ಎತ್ತಿ ಆಡಿಸಿ ಬೆಳೆಸುವ ದೈಹಿಕ ಶಕ್ತಿ ಇದೆಯೇ, ಸಾಕುವ ಆರ್ಥಿಕ ಬಲ ಇದೆಯೇ. ಇವುಗಳಲ್ಲಿ ತೇರ್ಗಡೆಯಾದರೆ ಅವರ ಅರ್ಜಿಯನ್ನು ಪರಿಗಣಿಸಬೇಕೆಂದು ಆದೇಶವಾಯಿತು. ಕಾಯಿದೆಯ ಅಕ್ಷರದ ಹಿಂದೆ ಮನುಷ್ಯರಿದ್ದಾರೆಂದು ಕಂಡು ಬರೆದ ತೀರ್ಪು ಅದು.

ಅದರಲ್ಲಿ ನಮ್ಮ ಯಶವಂತಪುರದ ಹೆಣ್ಣುಮಗಳಿಗೆ ಬೇಕಾದ ಒಂದು ಅಂಶವೂ ಇದೆ. ಹೊರುವವಳು ಸಂಬಂಧಿಕಳೇ ಆಗಿರಬೇಕು ಎಂಬ ನಂಬಿಕೆ ಇಂದಿಗೂ ಅನೇಕರಲ್ಲಿದೆ. ಕರಡು ಮಸೂದೆಯಲ್ಲಿ ಹತ್ತಿರದ ಬಂಧು ಎಂಬ ಮಾತಿತ್ತು ನಿಜ. ಜಾರಿಗೆ ಬಂದ ಕಾಯಿದೆಯಲ್ಲಿ 'ಮನಸ್ಸಿರುವ ಮಹಿಳೆ' ಎಂದಷ್ಟೇ ಇದೆ. ವಂಶವಾಹಿ ಸಂಬಂಧ ಇರಬೇಕಾದದ್ದು ಮಗುವಿಗೂ ದಂಪತಿಗಳಿಗೂ ನಡುವೆ, ಹೊರುವವಳಿಗಲ್ಲ ಎಂದು ಹೈಕೋರ್ಟು ಅರ್ಥ ಮಾಡಿತು. 'ಕಾಯಿದೆಯೇ ನಿನ್ನನ್ನು ಕೇಳುತ್ತೆ ಕಣಮ್ಮ, ಹೊರಗಿನವರು ಆಗಲ್ಲವಂತೆ' ಎಂದು ಯಾರಾದರೂ ಆಕೆಗೆ ಹೇಳಿದ್ದರೆ ಅದು ನಿಜವಲ್ಲ.

ವಯಸ್ಸಿನ ವಿಷಯ 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲೂ ಒಂದು ಹಂತಕ್ಕೆ ಬಂತು. ಕಾಯಿದೆ ಬರುವ ಮೊದಲೇ ಭ್ರೂಣಗಳನ್ನು ಸಿದ್ಧಪಡಿಸಿ ಶೈತ್ಯದಲ್ಲಿ ಇಟ್ಟಿದ್ದ ದಂಪತಿಗಳಿಗೆ ಈ ವಯೋಮಿತಿ ಅನ್ವಯಿಸದು ಎಂದು ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಹೇಳಿತು. ದಾನಿಯ ಅಂಡಾಣುವಿನ ಬಗ್ಗೆಯೂ ಏರಿಳಿತವಾಗಿದೆ. 2023ರ ಮಾರ್ಚಿನಲ್ಲಿ ಅದನ್ನು ನಿಷೇಧಿಸಿದ್ದ ಕೇಂದ್ರ, 2024ರ ಫೆಬ್ರವರಿಯಲ್ಲಿ ಸಡಿಲಿಸಿತು. ವೈದ್ಯಕೀಯ ಕಾರಣವನ್ನು ಜಿಲ್ಲಾ ಮಂಡಳಿ ಒಪ್ಪಿದರೆ ದಂಪತಿಗಳಲ್ಲಿ ಒಬ್ಬರದನ್ನು ದಾನಿಯಿಂದ ಪಡೆಯಬಹುದು, ಇನ್ನೊಬ್ಬರದು ಸ್ವಂತದ್ದಿರಬೇಕು.

ಹೀಗೆ ನ್ಯಾಯಾಲಯಗಳ ಬಾಗಿಲು ಬಡಿದವರೆಲ್ಲ ಬಹುತೇಕ ಮಗು ಬೇಕೆಂದವರು. ಅವರ ದುಃಖ ದೊಡ್ಡದು, ಅವರು ಬಡಿದದ್ದು ಸರಿ. ಹೊರುವವಳು ತನ್ನ ಪರವಾಗಿ ಹೋದದ್ದು ನನ್ನ ಓದಿನಲ್ಲಿ ಸಿಗಲಿಲ್ಲ.

ಈಗ ಆಕೆಯ ಪ್ರಶ್ನೆಗೆ ಬರುತ್ತೇನೆ. ಕಾಯಿದೆಯ 42ನೆಯ ಕಲಮು ಒಂದು ಊಹೆಯನ್ನು ಮಾಡುತ್ತದೆ. ಹಣಕ್ಕಾಗಿ ಅಥವಾ ಕಾಯಿದೆ ಒಪ್ಪದ ಉದ್ದೇಶಕ್ಕಾಗಿ ಒಬ್ಬಳು ಹೊತ್ತಿದ್ದರೆ, ಆಕೆಯ ಗಂಡನೋ ದಂಪತಿಗಳೋ ಬೇರೆ ಸಂಬಂಧಿಕರೋ ಬಲವಂತ ಮಾಡಿದ್ದಾರೆಂದೇ ನ್ಯಾಯಾಲಯ ಭಾವಿಸಬೇಕು. ಹಾಗಲ್ಲವೆಂದು ರುಜುವಾತು ಮಾಡುವ ಹೊಣೆ ಅವರದು. ಶಿಕ್ಷೆಯೂ ಕಡಿಮೆಯಲ್ಲ, ಹಣ ಕೊಟ್ಟು ಮಗು ಪಡೆಯಹೊರಟ ದಂಪತಿಗಳಿಗೆ ಮೊದಲ ಸಲಕ್ಕೇ 5 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ. ಒಳ್ಳೆಯದೇ. ಆದರೆ ಹಣವೇ ಇಲ್ಲದೆ, ಅಡುಗೆಮನೆಯಲ್ಲಿ ಕೂರಿಸಿಕೊಂಡು 'ಮನೆ ಮಗಳಿಗೆ ಇಷ್ಟೂ ಮಾಡಲ್ವಾ' ಎಂದು ಅತ್ತೆ ಕಣ್ಣೀರು ಹಾಕಿದರೆ? ಅದಕ್ಕೆ ಇಂಥ ಊಹೆ ಇಲ್ಲ. ಹಣವಿದ್ದ ಕಡೆ ಬಲವಂತವನ್ನು ಕಾಣುವ ಕಾಯಿದೆ, ನೆಂಟಸ್ತಿಕೆಯಿದ್ದ ಕಡೆ ಒಪ್ಪಿಗೆಯನ್ನು ಕಾಣುತ್ತದೆ. ನಮ್ಮ ಮನೆಗಳನ್ನು ಬಲ್ಲವರಿಗೆ ಗೊತ್ತು, ದುಡ್ಡು ಕೊಡುತ್ತೇನೆಂದವನಿಗೆ ಇಲ್ಲವೆನ್ನುವುದು ಸುಲಭ, ಗಂಡನ ಮನೆಯವರಿಗೆ ಇಲ್ಲವೆನ್ನುವುದು ಕಷ್ಟ.

ದೇವಕಿಯ ಗರ್ಭವನ್ನು ರೋಹಿಣಿಗೆ ಸಾಗಿಸಿದ ಬಲರಾಮನ ಕತೆಯನ್ನು ಈ ವಿಷಯ ಬಂದಾಗಲೆಲ್ಲ ಯಾರಾದರೂ ನೆನಪಿಸುತ್ತಾರೆ. ನಮ್ಮ ಕಾರ್ಯಕ್ರಮದಲ್ಲೂ ಒಬ್ಬರು ನೆನಪಿಸಿದರು. ಅದು ವಿಜ್ಞಾನವಲ್ಲ, ಕತೆ. ಆದರೂ ನಾವು ಆ ಕತೆಯನ್ನು ಹೇಳುವಾಗ ರೋಹಿಣಿಯನ್ನು ಯಾರಾದರೂ ಒಂದು ಮಾತು ಕೇಳಿದರೇ ಎಂಬುದನ್ನು ಹೇಳುವುದಿಲ್ಲ.

ಕಾಯಿದೆ ಕೇಳುತ್ತದೆ. ಅದೇ ಇಲ್ಲಿ ಆಕೆಗೆ ಇರುವ ಆಸರೆ. ಹೊರುವವಳಿಗೆ 25ರಿಂದ 35ರೊಳಗಿನ ವಯಸ್ಸು, ಮದುವೆಯಾಗಿ ಸ್ವಂತ ಮಗು, ದೇಹ ಮತ್ತು ಮನಸ್ಸು ಎರಡೂ ಸಿದ್ಧವಿದೆಯೆಂಬ ವೈದ್ಯಕೀಯ ಪ್ರಮಾಣಪತ್ರ ಬೇಕು. ಜೀವಮಾನದಲ್ಲಿ ಒಂದೇ ಸಲ. ಆ ಮನಸ್ಸಿನ ಪರೀಕ್ಷೆಯಲ್ಲಿ ಆಕೆ ತನ್ನ ನಿಜವನ್ನು ಹೇಳಬಹುದು. ಎರಡನೆಯದಾಗಿ ಒಪ್ಪಿಗೆ ಪತ್ರ. ಎಲ್ಲ ಅಡ್ಡ ಪರಿಣಾಮಗಳನ್ನೂ ತಿಳಿಸಿ, ಆಕೆಗೆ ತಿಳಿಯುವ ಭಾಷೆಯಲ್ಲೇ ಬರಹದ ಒಪ್ಪಿಗೆ ಪಡೆಯಬೇಕೆಂದು ಕಾಯಿದೆ ಹೇಳುತ್ತದೆ. ಇಂಗ್ಲಿಷ್ ಕಾಗದವನ್ನು ಮುಂದಿಟ್ಟು 'ಇಲ್ಲಿ ಸೈನ್ ಮಾಡಮ್ಮ' ಎಂದರೆ ಕನ್ನಡದಲ್ಲಿ ಕೊಡಿ ಎಂದು ಕೇಳುವುದು ಉಪಕಾರ ಬೇಡುವುದಲ್ಲ, ಹಕ್ಕು. ತೆಲುಗು, ತಮಿಳು, ಉರ್ದು ಮನೆಮಾತಿನವರಿಗೂ ಅದೇ ಹಕ್ಕು. ಮೂರನೆಯದು ಮ್ಯಾಜಿಸ್ಟ್ರೇಟರ ಆದೇಶ. ಹುಟ್ಟುವ ಮಗುವಿನ ತಂದೆತಾಯಿ ಯಾರು, ಅದು ಯಾರ ವಶದಲ್ಲಿರಬೇಕು ಎಂಬ ಆದೇಶಕ್ಕೆ ದಂಪತಿಗಳೂ ಹೊರುವವಳೂ ಅರ್ಜಿ ಹಾಕಬೇಕು. ಆಕೆಯ ಹೆಸರಿಲ್ಲದೆ ಆ ಅರ್ಜಿ ಇಲ್ಲ.

ಇಷ್ಟೆಲ್ಲ ಆದ ಮೇಲೂ, ಸಹಿ ಹಾಕಿ ಹಾರ್ಮೋನು ಶುರುವಾದ ಮೇಲೂ, ಭ್ರೂಣವನ್ನು ಗರ್ಭಕ್ಕೆ ಸೇರಿಸುವ ಕ್ಷಣದವರೆಗೆ ಆಕೆ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು. ಕಾರಣ ಕೊಡಬೇಕಾಗಿಲ್ಲ. ಕೇಸು ಆಗುವುದಿಲ್ಲ. ಸೇರಿಸಿದ ಮೇಲೆ ದಾರಿ ಕಿರಿದಾಗುತ್ತದೆ. ಗರ್ಭಪಾತಕ್ಕೆ ಆಕೆಯ ಬರಹದ ಒಪ್ಪಿಗೆಯ ಜೊತೆಗೆ ಸಕ್ಷಮ ಪ್ರಾಧಿಕಾರದ ಅನುಮತಿ ಬೇಕು, 1971ರ ಗರ್ಭಪಾತ ಕಾಯಿದೆಯ ಷರತ್ತುಗಳೂ ಅನ್ವಯಿಸುತ್ತವೆ. ಬೇರೆ ಯಾರೂ ಆಕೆಯನ್ನು ಗರ್ಭಪಾತಕ್ಕೆ ಬಲವಂತ ಮಾಡುವಂತಿಲ್ಲ. ಮಗುವಿಗೆ ಏನೇ ಊನವಿರಲಿ, ಹೆಣ್ಣಾಗಲಿ ಗಂಡಾಗಲಿ, ದಂಪತಿಗಳು ಬಿಟ್ಟುಹೋಗುವಂತಿಲ್ಲ. ಆಣಂದದ ಕೂಸಿನ ಪಾಠ ಅಲ್ಲಿ ಕೆಲಸ ಮಾಡಿದೆ.

ಒಂದು ವೇಳೆ ಆಕೆ ಮನಸ್ಸಾರೆ ಹೂಂ ಎನ್ನುವುದಾದರೆ? ಅಕ್ಕತಂಗಿಯರಿಗಾಗಿ, ನಾದಿನಿಗಾಗಿ ಸಂತೋಷದಿಂದ ಹೊತ್ತವರಿದ್ದಾರೆ, ಇಲ್ಲವೆನ್ನುವುದಿಲ್ಲ. ಆಗ ಮೊದಲು ಕೇಳಬೇಕಾದದ್ದು ವಿಮೆಯ ಕಾಗದ. 36 ತಿಂಗಳ ಆರೋಗ್ಯ ವಿಮೆಯನ್ನು ದಂಪತಿಗಳು ಮಾಡಿಸಿಕೊಡಬೇಕು, ಹೆರಿಗೆಯ ನಂತರದ ತೊಂದರೆಗಳೂ ಅದರಲ್ಲಿ ಸೇರಬೇಕು. 'ಆಮೇಲೆ ಮಾಡಿಸೋಣ' ಎಂಬ ಮಾತಿಗೆ ಒಪ್ಪಬೇಡಿ. ಗರ್ಭ ನಿಲ್ಲದಿದ್ದರೆ ಮತ್ತೆ ಪ್ರಯತ್ನ ಎಂದರೂ ಒಟ್ಟು ಮೂರಕ್ಕಿಂತ ಹೆಚ್ಚು ಸಲ ಕೂಡದು. ಆಸ್ಪತ್ರೆಯ ನೋಂದಣಿ ಪ್ರಮಾಣಪತ್ರ ಎದುರಿಗೇ ಕಾಣುವಂತೆ ತೂಗುಹಾಕಿರಬೇಕು, ಒಳಗೆ ಹೋದ ಕೂಡಲೇ ಅದನ್ನು ನೋಡಿ. ಇನ್ನು ಒಂಬತ್ತು ತಿಂಗಳಲ್ಲಿ ಆಕೆ ಕಳೆದುಕೊಳ್ಳುವ ಸಂಬಳದ ಗತಿ? ಆಕೆಯ ಶ್ರಮಕ್ಕೆ ಕೂಲಿ ಎಂಬ ಮಾತಿಗೆ ಈ ಕಾಯಿದೆಯಲ್ಲಿ ಸ್ಥಳವಿಲ್ಲ. ವೈದ್ಯರಿಗೆ ಶುಲ್ಕವಿದೆ, ಪ್ರಯೋಗಾಲಯಕ್ಕಿದೆ, ವಕೀಲರಿಗಿದೆ. ದಾನ ಮಾಡಬೇಕಾದವಳು ಅವಳೊಬ್ಬಳೇ. ಕೊಳ್ಳುವುದನ್ನು ನಿಲ್ಲಿಸಿದ್ದು ಸರಿಯೆಂದೇ ನಾನು ಭಾವಿಸುತ್ತೇನೆ. ಆದರೂ ಈ ಲೆಕ್ಕ ನನಗೆ ಸರಿಹೋಗಿಲ್ಲ.

ಮಗು ಪಡೆಯುವ ತಾಯಿಯ ರಜೆಯಲ್ಲೂ ಒಂದು ತೊಡಕಿದೆ. 2017ರ ತಿದ್ದುಪಡಿಯಲ್ಲಿ ಬಂದ ನಿಯಮದಂತೆ ಮಗು ಕೈಸೇರಿದ ದಿನದಿಂದ ಆಕೆಗೆ 12 ವಾರಗಳ ಹೆರಿಗೆ ರಜೆ. ಆದರೆ ಆಕೆಯದೇ ಅಂಡಾಣುವಿದ್ದರೆ ಮಾತ್ರ ಆ ವ್ಯಾಖ್ಯೆಯೊಳಗೆ ಬರುತ್ತಾಳೆ. ದಾನಿಯ ಅಂಡಾಣುವಿಗೆ ಒಂದು ಕಾಯಿದೆ ಒಪ್ಪಿದೆ, ರಜೆಯ ಕಾಯಿದೆ ಇನ್ನೂ ಆ ಕಡೆ ನೋಡಿಲ್ಲ.

ಅಂಡಾಣು ದಾನದ ಬಗ್ಗೆ ಒಂದೆರಡು ಮಾತು, ಏಕೆಂದರೆ ಹೊರುವುದಕ್ಕಿಂತ ಇದು ಹಗುರವೆಂದು ಹೇಳಿ ಹುಡುಗಿಯರನ್ನು ಕರೆದೊಯ್ಯುವವರಿದ್ದಾರೆ. ಇದಕ್ಕೆ ಬೇರೆ ಕಾಯಿದೆ, ಅದೂ 2021ರದೇ. ವಯಸ್ಸು 23ರಿಂದ 35, ಜೀವಮಾನದಲ್ಲಿ ಒಮ್ಮೆ ಮಾತ್ರ, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ, 12 ತಿಂಗಳ ವಿಮೆ ಕಡ್ಡಾಯ. ಸಾಮಾನ್ಯವಾಗಿ ತಿಂಗಳಿಗೆ ಒಂದು ಅಂಡಾಣು ಬಿಡುವ ಅಂಡಾಶಯವನ್ನು ಔಷಧಿಯಿಂದ ಕೆರಳಿಸಿ ಹಲವನ್ನು ಬೆಳೆಸುವುದರಿಂದ ಕೆಲವರಿಗೆ ಹೊಟ್ಟೆ ಊದಿ, ನೀರು ತುಂಬಿ, ಆಸ್ಪತ್ರೆ ಸೇರಬೇಕಾಗುವ ಸ್ಥಿತಿ ಬರುತ್ತದೆ. ಇನ್ನೊಂದು ಹೆಸರಿನಲ್ಲಿ ಇನ್ನೊಂದು ಕಡೆ ಮತ್ತೆ ಕೊಡು ಎನ್ನುವವರು ನಿಮ್ಮ ಹಿತ ಬಯಸುವವರಲ್ಲ.

ಯಶವಂತಪುರದಿಂದ ಫೋನು ಮಾಡಿದ ತಾಯಿ, ತಾವು ಇದನ್ನು ನೋಡುತ್ತಿದ್ದರೆ ಅಥವಾ ಯಾರಾದರೂ ಓದಿ ಹೇಳುತ್ತಿದ್ದರೆ: ಹೌದು, ಬೇಡ ಅನ್ನಬಹುದು. ಮನೆಯಲ್ಲಿ ಹೇಳಲಾಗದಿದ್ದರೆ ವೈದ್ಯರೆದುರು ಹೇಳಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರೆದುರು ಹೇಳಿ. ವಕೀಲರಿಗೆ ಹಣವಿಲ್ಲವೆಂದು ಹಿಂಜರಿಯಬೇಡಿ. ಕಾನೂನು ಸೇವಾ ಪ್ರಾಧಿಕಾರದ 1987ರ ಕಾಯಿದೆಯಂತೆ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ದೂರವಾಣಿ 15100. ಬೆಂಗಳೂರಿನಲ್ಲಿ ರಾಜ್ಯ ಪ್ರಾಧಿಕಾರದ ಕಚೇರಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ಹೋಗುವಾಗ ಆಸ್ಪತ್ರೆಯವರು ಕೊಟ್ಟ ಕಾಗದಗಳನ್ನೆಲ್ಲ, ಸಹಿ ಹಾಕದಿದ್ದವನ್ನೂ ಸೇರಿಸಿ, ಜೊತೆಗೆ ಒಯ್ಯಿರಿ.